ಮೇಳಕ್ಕೆ ಹೋಗದ ಮೊದಲ ವರ್ಷ

ಮೊನ್ನೆ ಮೂಡುಬಿದಿರೆಯಲ್ಲಿ ಮಗಳ ಮನೆಯ ಹಿಂದೆ ಯಾರೋ ಸುಡುಮಣ್ಣು ಹಾಕಿದ್ದರು. ಒಣಗಿದ ಎಲೆ, ಕಡ್ಡಿ, ಕಸ ಎಲ್ಲ ರಾಶಿ ಮಾಡಿ, ಮೇಲೆ ಮಣ್ಣು ಮುಚ್ಚಿ, ಒಳಗಿಂದೊಳಗೇ ಉರಿಯಲು ಬಿಡುವುದು ನಮ್ಮ ಕಡೆ ಬೇಸಗೆಯ ಕೆಲಸ. ಗದ್ದೆಗೂ ತರಕಾರಿಗೂ ಒಳ್ಳೆಯ ಗೊಬ್ಬರ ಅದು. ಜಗಲಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದ ನನ್ನ ಕಡೆಗೇ ಹೊಗೆ ತಿರುಗಿತು. ಮಗಳು ಲೀಲಾ ಒಳಗಿಂದ, "ಕಣ್ಣು ಉರಿಯುವುದಿಲ್ಲವಾ ಅಪ್ಪ? ಒಳಗೆ ಬನ್ನಿ" ಎಂದು ಕರೆದಳು. ನಾನು ಏಳಲಿಲ್ಲ. ಚಿಕ್ಕವನಿದ್ದಾಗ ಮೂಗಿಗೆ ಬಿದ್ದಿದ್ದ ಈ ವಾಸನೆ ನನಗೆ ಮತ್ತೆ ಸಿಕ್ಕಿದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ನಡುವಿನ ಅಷ್ಟೂ ಬೇಸಗೆಗಳಲ್ಲಿ ನನ್ನ ಮೂಗಿಗೆ ಇದ್ದದ್ದು ಬಣ್ಣದ ವಾಸನೆ, ದೀಪದ ಎಣ್ಣೆಯ ವಾಸನೆ, ಬೆವರಿನ ಸೀರೆಯ ವಾಸನೆ.

ನಾನು ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದವ. ಹದಿನಾಲ್ಕು ತುಂಬುವ ಮೊದಲೇ ವಿಟ್ಲದ ಹತ್ತಿರದ ನಮ್ಮ ಮನೆಯಿಂದ ಹೊರಟು ಮೇಳ ಸೇರಿದೆ. ದೀಪಾವಳಿ ಕಳೆದ ಮೇಲೆ ಮೇಳ ತಿರುಗಾಟಕ್ಕೆ ಹೊರಡುತ್ತದೆ. ಮೇ ತಿಂಗಳ ಕೊನೆಗೆ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತದೆ. ನಡುವೆ ಇವತ್ತು ಈ ಊರು, ನಾಳೆ ಆ ಊರು. ರಾತ್ರಿ ಆಟ, ಹಗಲು ನಿದ್ದೆ. ಮನೆ ಎಂಬುದು ಮಳೆಗಾಲಕ್ಕೆ ಮಾತ್ರ. ಮದುವೆಯಾದ ಮೇಲೆ ನಾನು ಹೆಂಡತಿ ಸುಂದರಿಯ ಮನೆಯಲ್ಲೇ ಉಳಿದೆ. ಬೆಳ್ತಂಗಡಿಯಿಂದ ಮೂಡು ದಿಕ್ಕಿಗೆ ಬಸ್ಸಿಳಿದು ನಡೆದರೆ ಘಟ್ಟದ ಬುಡದಲ್ಲಿ ಪಾದೆಮಾರು ಎಂಬ ಸಣ್ಣ ಊರು. ಗದ್ದೆ, ಮನೆ ಎರಡೂ ಅವಳಿಗೆ ತಾಯಿಯಿಂದ ಬಂದದ್ದು. ನಾನು ಅಲ್ಲಿಗೆ ಜೂನಿನಲ್ಲಿ ಬರುತ್ತಿದ್ದೆ, ನವೆಂಬರಿನಲ್ಲಿ ಹೊರಡುತ್ತಿದ್ದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆಯೇ ನಡೆದುದರಿಂದ ಪಾದೆಮಾರು ಎಂದರೆ ನನಗೆ ಮಳೆ ಬೀಳುವ ಊರು, ಅಷ್ಟೇ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಲೀಲಾಳ ಮದುವೆಯಾಯಿತು. ಮೇ ತಿಂಗಳ ಮೊದಲ ವಾರ. ಬಂಟ್ವಾಳದ ಕಡೆ ನರಿಕೊಂಬಿನಲ್ಲಿ ಆಟ ಮುಗಿಸಿ, ಮುಖ ತೊಳೆದು, ಸಿಕ್ಕಿದ ಬಸ್ಸಿನಲ್ಲಿ ಬೆಳ್ತಂಗಡಿಗೆ ಬಂದು, ಅಲ್ಲಿಂದ ಓಡುತ್ತ ಮನೆ ಸೇರಿದೆ. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಅಂಗಳದ ಚಪ್ಪರದಲ್ಲಿ ನಿಂತಿದ್ದ ಒಬ್ಬ ಮುದುಕಿ, "ಇವರು ಗಂಡಿನ ಕಡೆಯವರಾ?" ಎಂದು ಪಕ್ಕದವಳನ್ನು ಕೇಳಿದಳು. ನನಗೆ ನಗು ಬಂತು. ಸ್ನಾನಕ್ಕೆಂದು ಬಾವಿಯ ಹತ್ತಿರ ಹೋಗಿ ಕೊಡಪಾನ ಇಳಿಸಿದೆ. ಹಗ್ಗ ಇಳಿಯಿತು, ಇಳಿಯಿತು, ಕೊನೆಗೆ ಕೊಡಪಾನ ಕಲ್ಲಿಗೆ ಬಡಿದ ಸದ್ದು ಬಂತು.

ಮಳೆಗಾಲದಲ್ಲಿ ಬಗ್ಗಿ ಕೈಯಲ್ಲೇ ನೀರು ಮುಟ್ಟಬಹುದಾದ ಬಾವಿ ಅದು. ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಸುಂದರಿ ಹಿಂದಿನಿಂದ ಬಂದಳು.

"ಅದರಲ್ಲಿ ಇಲ್ಲ. ಹಂಡೆಯಲ್ಲಿ ತುಂಬಿಸಿಟ್ಟಿದ್ದೇನೆ."

"ಬಾವಿ ಯಾವಾಗ ಒಣಗಿದ್ದು?"

"ನಾಲ್ಕು ವರ್ಷದಿಂದ ಬೇಸಗೆಯಲ್ಲಿ ಹೀಗೆಯೇ. ಮೇಲೆ ಪಾದೆಕಲ್ಲಿನ ಹತ್ತಿರ ಒಂದು ಒರತೆ ಉಂಟು, ಅಲ್ಲಿಂದ ಹೊರುವುದು."

"ನನಗೆ ಹೇಳಲಿಲ್ಲ ನೀನು?"

"ನೀವು ಬರುವಾಗ ತುಂಬಿರ್ತದೆ. ಮಳೆ ಹೊಡೀತಿರುವಾಗ ಯಾರು ಬೇಸಗೆಯ ಮಾತು ಆಡ್ತಾರೆ?" ಎಂದು ಹೇಳಿ ಅವಳು ಚಪ್ಪರದ ಕಡೆ ಹೋದಳು. ಮದುವೆಯ ಮನೆ, ಅವಳಿಗೆ ನೂರು ಕೆಲಸ.

ಅವಳ ದನಿಯಲ್ಲಿ ದೂರು ಇರಲಿಲ್ಲ. ನನ್ನ ಮನೆಯ ಅರ್ಧ ವರ್ಷ ನನಗೆ ಗೊತ್ತೇ ಇಲ್ಲ ಎಂಬುದು ಆ ಕೊಡಪಾನದ ಸದ್ದಿನಲ್ಲಿ ಗೊತ್ತಾಯಿತು. ಗೊತ್ತಾದ ಮೇಲೆ ನಾನು ಸುಮ್ಮನೆ ಇರುವವನಲ್ಲ. ಆ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ಮೇಳದ ಯಜಮಾನರ ಮುಂದೆ ಇಟ್ಟು, "ಇನ್ನು ಸಾಕು" ಎಂದೆ. ಅವರು ನಂಬಲಿಲ್ಲ. ನನ್ನ ಸ್ವರ ಚೆನ್ನಾಗಿತ್ತು, ಮೊಣಕಾಲು ಮಾತ್ರ ಕೆಲವೊಮ್ಮೆ ಮಾತು ಕೇಳುತ್ತಿರಲಿಲ್ಲ. ಇನ್ನೂ ಐದಾರು ವರ್ಷ ಕುಣಿಯಬಹುದಿತ್ತು. ಅಂಥ ಹೊತ್ತಿನಲ್ಲಿ ಬಿಟ್ಟು ಬಂದೆನೆಂಬ ಹೆಮ್ಮೆ ನನಗೆ ಇವತ್ತಿಗೂ ಉಂಟು.

ಮಳೆಗಾಲ ಎಂದಿನಂತೆ ಕಳೆಯಿತು. ನಾಟಿ, ಕಳೆ, ಹಲಸಿನ ಬೀಜದ ಸಾರು, ಒಣಗದ ಬಟ್ಟೆ. ಮೇಳ ಬಿಟ್ಟೆನೆಂದು ಸುಂದರಿಗೆ ಹೇಳಿದ್ದೆ. ಅವಳು "ಹೌದಾ" ಎಂದು ಹಟ್ಟಿಗೆ ಹೋಗಿದ್ದಳು. ದೀಪಾವಳಿ ಮುಗಿದ ವಾರ ನೋಡಿದರೆ ನನ್ನ ತಗಡಿನ ಪೆಟ್ಟಿಗೆ ಜಗಲಿಗೆ ಬಂದಿದೆ. ಒಳಗೆ ಒಗೆದು ಮಡಚಿದ ಪಂಚೆ, ಮೈ ಒರೆಸುವ ಬೈರಾಸು, ಮೊಣಕಾಲಿಗೆ ತಿಕ್ಕುವ ಎಣ್ಣೆಯ ಕುಪ್ಪಿ.

"ಇದು ಯಾಕೆ?" ಎಂದೆ.

"ನಾಡಿದ್ದು ಮೇಳ ಹೊರಡುವುದಲ್ಲವಾ?"

"ನಾನು ಹೋಗುವುದಿಲ್ಲ ಅಂತ ಹೇಳಿದ್ದೇನಲ್ಲ."

"ಹೇಳಿದ್ದೀರಿ" ಎಂದಳು. ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ, "ಹಾಗಾದ್ರೆ ಬೇಸಗೆಯಲ್ಲಿಯೂ ಇಲ್ಲೇ ಇರುವುದಾ?" ಎಂದು ಕೇಳಿದಳು. ಮಳೆ ಮುಗಿದ ಮೇಲೂ ಹೊರಡದ ನೆಂಟನನ್ನು ಹೇಗೆ ಕೇಳುತ್ತಾರೋ ಹಾಗಿತ್ತು ಆ ಪ್ರಶ್ನೆ. ನಾನು ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟೆ.

ಆ ವಾರವೇ ನಾನು ನಮ್ಮ ಘಟ್ಟವನ್ನು ಪೂರ್ತಿಯಾಗಿ ಕಂಡದ್ದು. ಮಳೆಗಾಲದಲ್ಲಿ ಅದರ ಸೊಂಟದವರೆಗೆ ಮಾತ್ರ ಕಾಣುತ್ತಿತ್ತು, ಮೇಲೆಲ್ಲ ಮೋಡ. ಈಗ ಒಂದು ಬೆಳಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಇಳಿದರೆ ಬೂದು ಬಂಡೆ, ಹುಲ್ಲಿನ ಇಳಿಜಾರು, ತುದಿಯ ಗೆರೆ ಎಲ್ಲ ನಿಚ್ಚಳ. ಸೂರ್ಯ ಆ ಗೆರೆ ದಾಟಿ ಬರುವಾಗ ನಮ್ಮಲ್ಲಿ ಹೊತ್ತು ಏರಿಯೇ ಇರುತ್ತಿತ್ತು. ಅಲ್ಲಿಯವರೆಗೆ ಗದ್ದೆಯ ಮೇಲೆ ಮಂಜು, ಹಟ್ಟಿಯ ದನಗಳ ಬಾಯಿಂದ ಹಬೆ. ಸುಂದರಿಯನ್ನು ಕರೆದು, "ನೋಡು, ತುದಿ ಕಾಣ್ತದೆ!" ಎಂದೆ. ಅವಳು ಹಾಲಿನ ಚೆಂಬು ಹಿಡಿದು ನಿಂತು, "ಅದು ಯಾವಾಗಲೂ ಅಲ್ಲೇ ಉಂಟು ಮಾರಾಯ್ರೆ" ಎಂದಳು.

ಕಷ್ಟವಾದದ್ದು ನಿದ್ದೆಯದು. ಮೂವತ್ತು ವರ್ಷ ಹಗಲು ಮಲಗಿದ ಮೈ, ರಾತ್ರಿ ಮಲಗು ಎಂದರೆ ಕೇಳುತ್ತದೆಯೇ? ಮಳೆಗಾಲದಲ್ಲಿ ಕತ್ತಲೆಗೂ ಹಗಲಿಗೂ ವ್ಯತ್ಯಾಸವಿಲ್ಲದ್ದರಿಂದ ಹೇಗೋ ನಡೆಯುತ್ತಿತ್ತು. ಈಗ ನಾನು ಬೆಳಗ್ಗೆ ಗಂಜಿ ಉಂಡು ಜಗಲಿಯಲ್ಲಿ ಉರುಳಿದರೆ ಮಧ್ಯಾಹ್ನದವರೆಗೆ ಗೊರಕೆ. ಆಚೀಚೆ ಮನೆಯ ನಾಲ್ಕೈದು ಹೆಂಗಸರು ಅಂಗಳದವರೆಗೆ ಬಂದು, ನನ್ನನ್ನು ನೋಡಿ ತಿರುಗಿ ಹೋಗುವುದು ಒಂದೆರಡು ದಿನ ಕಣ್ಣಿಗೆ ಬಿತ್ತು. ಸುಂದರಿಯನ್ನು ಕೇಳಿದೆ. ಮಳೆ ಬಿಟ್ಟ ಮೇಲೆ ನಮ್ಮ ಜಗಲಿಯಲ್ಲಿ ಅವರೆಲ್ಲ ಸೇರಿ ಚಾಪೆ ಹೆಣೆಯುವುದಂತೆ. ತೋಡಿನ ಬದಿಯ ಕೇದಗೆ ಜಾತಿಯ ಮುಂಡೇವಿನ ಎಲೆ ತಂದು, ಮುಳ್ಳು ತೆಗೆದು, ಸೀಳಿ, ಒಣಗಿಸಿ ಬೇಸಗೆಯಿಡೀ ಹೆಣೆಯುವ ಕೆಲಸ. ವರ್ಷಗಳಿಂದ ನಡೆದುಬಂದದ್ದು.

"ಅವರಿಗೆ ನಾಚಿಕೆ. ಗಂಡಸು ಬಾಯಿ ತೆರೆದು ಮಲಗಿದ್ದಲ್ಲಿ ಹೇಗೆ ಕೂರುವುದು?" ಎಂದಳು.

ಮರುದಿನದಿಂದ ನಾನು ಹಗಲು ಮಲಗುವುದನ್ನು ನಿಲ್ಲಿಸಿದೆ. ನಿದ್ದೆ ಬಂದಾಗಲೆಲ್ಲ ಎದ್ದು ಗದ್ದೆಯ ಕಡೆ ನಡೆದೆ, ತೋಡಿನಲ್ಲಿ ಮುಖ ತೊಳೆದೆ. ಹದಿನೈದು ದಿನದಲ್ಲಿ ಮೈ ದಾರಿಗೆ ಬಂತು. ಹಾಗೆ ತಿರುಗಾಡುವಾಗಲೇ ನಮ್ಮ ಬಾವಿ ಯಾಕೆ ಒಣಗುತ್ತದೆಂದು ಕಂಡುಕೊಂಡೆ.

ನಮ್ಮ ಗದ್ದೆಯ ಕೆಳಗೆ ಘಟ್ಟದಿಂದ ಇಳಿದುಬರುವ ತೋಡು ಉಂಟು. ಹಿಂದೆ ಪ್ರತಿ ವರ್ಷ ಡಿಸೆಂಬರಿನಲ್ಲಿ, ನೀರು ಇಳಿದ ಮೇಲೆ, ಊರವರು ಸೇರಿ ಅದಕ್ಕೆ ಅಡ್ಡ ಕಟ್ಟ ಕಟ್ಟುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಮರದ ಗೂಟ ಇಷ್ಟೇ. ನೀರು ಹಿಂದಕ್ಕೆ ನಿಂತು ಕಾಲುವೆಗೆ ಏರುತ್ತಿತ್ತು, ಸುತ್ತಲಿನ ನೆಲ ನೀರು ಕುಡಿದು ಬಾವಿಗಳು ಬೇಸಗೆಯುದ್ದಕ್ಕೂ ನಿಲ್ಲುತ್ತಿದ್ದವು. ನಾಲ್ಕು ವರ್ಷದಿಂದ ಆ ಕಟ್ಟ ಇಲ್ಲ. ತೋಡಿನ ಮೂಡು ದಡ ಧರಣಪ್ಪಣ್ಣನದು. ಜೈನರ ಹಳೆಯ ಮನೆತನ, ಊರಿನಲ್ಲಿ ಮರ್ಯಾದೆಯವರು. ಪಡು ದಡ ಬೊಮ್ಮಣ್ಣ ಗೌಡರದು. ಕಟ್ಟಕ್ಕೆ ಅಡ್ಡ ಹಾಕುತ್ತಿದ್ದ ಒಂದು ದೊಡ್ಡ ಹೆಬ್ಬಲಸಿನ ದಿಮ್ಮಿ ಧರಣಪ್ಪಣ್ಣನದಾಗಿತ್ತು. ಒಂದು ಮಳೆಗಾಲದಲ್ಲಿ ಅದು ನೆರೆಯಲ್ಲಿ ತೇಲಿ ಗೌಡರ ದಡಕ್ಕೆ ತಾಗಿ ನಿಂತಿತು. ತನ್ನ ದಡಕ್ಕೆ ಬಂದ ಮರ ತನ್ನದೆಂದು ಗೌಡರು ಅದನ್ನು ಕೊಯ್ಸಿ ಹೊಸ ಮನೆಗೆ ಬಾಗಿಲು ಮಾಡಿಸಿದರು. ಅಲ್ಲಿಗೆ ಇಬ್ಬರ ಮಾತು ನಿಂತಿತು. ಎರಡೂ ದಡ ಸಿಗದೆ ಕಟ್ಟ ಕಟ್ಟುವುದು ಯಾರು?

ಇದು ನನಗೆ ಹಗುರವಾದ ಕೆಲಸ ಎಂದು ತೋರಿತು. ಮಾತಿನಿಂದಲೇ ಬದುಕಿದವ ನಾನು. ರಂಗಸ್ಥಳದಲ್ಲಿ ಎಂಥೆಂಥ ಕೋಪದ ರಾಜರನ್ನು ಮಾತಿನಲ್ಲಿ ಇಳಿಸಿದ್ದೇನೆ, ಇವರಿಬ್ಬರು ಯಾವ ಲೆಕ್ಕ?

ಒಂದು ಸಂಜೆ ಧರಣಪ್ಪಣ್ಣನ ಮನೆಗೆ ಹೋದೆ. ಹೊತ್ತು ಮುಳುಗುವ ಮೊದಲೇ ಊಟ ಮಾಡುವ ಮನೆ ಅದು. ಅವರು ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದರು. "ಬನ್ನಿ ಭಾವ" ಎಂದು ಬೆಲ್ಲ, ನೀರು ತರಿಸಿದರು. ಸುಂದರಿ ಆ ಊರಿನ ಹೆಣ್ಣಾದ್ದರಿಂದ ನಾನು ಎಲ್ಲರಿಗೂ ಭಾವ. ನಾನು ಶುರುಮಾಡಿದೆ. ನೀರು ಯಾರದು, ನೆಲ ಯಾರದು, ಹಿರಿಯರು ಹೇಗೆ ಬಾಳಿದರು, ಒಣಗಿದ ಬಾವಿಯ ಮುಂದೆ ನಿಂತ ಹೆಣ್ಣಿನ ಮನಸ್ಸು ಏನು ಎಂದೆಲ್ಲ ಮನಸ್ಸಿಟ್ಟು ಹೇಳಿದೆ. ಅವರು ಕಣ್ಣು ಮುಚ್ಚಿ ತಲೆದೂಗಿದರು. ನಡುವೆ ಒಮ್ಮೆ ನನ್ನನ್ನು ತಡೆದು, "ತಡೆಯಿರಿ ಭಾವ" ಎಂದು ಒಳಗೆ ಕೂಗಿ ಮನೆಯವರನ್ನೆಲ್ಲ ಕರೆಸಿ ಕೂರಿಸಿದರು. ನಾನು ಮುಗಿಸಿದಾಗ ಅವರ ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದಳು.

"ಏನು ಸ್ವರ! ಏನು ಮಾತು! ಇದನ್ನು ಬಿಟ್ಟು ಬಂದಿರಲ್ಲ ನೀವು" ಎಂದು ಧರಣಪ್ಪಣ್ಣ ನನ್ನ ಕೈ ಹಿಡಿದರು. ಒಂದು ಬಾಳೆಗೊನೆ ಕೊಟ್ಟು ಕಳಿಸಿದರು. ಕಟ್ಟದ ಮಾತು ಮಾತ್ರ ಎತ್ತಲಿಲ್ಲ.

ಗೌಡರಲ್ಲಿಯೂ ಹಾಗೆಯೇ. ಹೆಬ್ಬಲಸಿನ ಆ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿದ ಬೊಮ್ಮಣ್ಣ ಗೌಡರು, "ಭಾವ, ಆ ಬಾವಿಯ ಭಾಗ ಇನ್ನೊಮ್ಮೆ ಹೇಳ್ತೀರಾ? ನನ್ನ ತಂಗಿ ಹಟ್ಟಿಯಲ್ಲಿದ್ದಳು, ಅವಳಿಗೆ ಸಿಗಲಿಲ್ಲ" ಎಂದರು. ನಾನು ಹೇಳಲಿಲ್ಲ.

ಮನೆಗೆ ಬಂದು ಜಗಲಿಯಲ್ಲಿ ಕುಕ್ಕರಿಸಿದೆ. ಚಾಪೆ ಹೆಣೆಯುತ್ತಿದ್ದ ಸುಂದರಿಗೆ ಕೇಳದೆಯೇ ಗೊತ್ತಾಗಿತ್ತು.

"ನೀವು ಬಾಯಿ ತೆರೆದ್ರೆ ಅವರಿಗೆ ಆಟ ಆಗ್ತದೆ. ಕಟ್ಟ ಆಗುವುದಿಲ್ಲ" ಎಂದಳು.

"ಮತ್ತೆ ಎಂಥ ಮಾಡುವುದು?"

"ನನಗೆ ಗೊತ್ತುಂಟಾ? ಕಟ್ಟ ಕಲ್ಲಿನದ್ದು. ಕಲ್ಲು ಹೊರುವವರು ಬೇಕು."

ಅವಳು ಮಾತಿಗೆ ಹೇಳಿದಳೋ, ಮನಸ್ಸಿನಿಂದ ಹೇಳಿದಳೋ, ನಾನು ಅದನ್ನು ಹಿಡಿದುಕೊಂಡೆ. ಮರುದಿನ ಬೆಳಗ್ಗೆ ಬೈರಾಸು ಸುತ್ತಿ ತೋಡಿಗೆ ಇಳಿದೆ. ನೀರು ಹಿಮದ ಹಾಗೆ. ದಡಗಳು ಅವರವರದು, ಮುಟ್ಟುವ ಹಾಗಿಲ್ಲ. ತೋಡಿನ ನಡು ಯಾರದೂ ಅಲ್ಲ. ಆದ್ದರಿಂದ ನಾನು ಕಟ್ಟವನ್ನು ನಡುವಿನಿಂದಲೇ ಶುರುಮಾಡಿದೆ. ಸುತ್ತಮುತ್ತ ಚೆಲ್ಲಿ ಬಿದ್ದಿದ್ದ ಹಳೆಯ ಕಟ್ಟದ ಕಲ್ಲುಗಳನ್ನೇ ಒಂದೊಂದಾಗಿ ಎತ್ತಿ ತಂದು ನಡುನೀರಿನಲ್ಲಿ ಕೂರಿಸಿದೆ. ನೀರು ಎಡದಿಂದ ಅರ್ಧ, ಬಲದಿಂದ ಅರ್ಧ ಹರಿದುಕೊಂಡು ನನ್ನ ಕಲ್ಲುಗಳನ್ನು ನೋಡಿ ನಕ್ಕ ಹಾಗೆ ಹೋಗುತ್ತಿತ್ತು.

ಊರವರೂ ನಕ್ಕರು. ದನ ಮೇಯಿಸುವವರು, ಸಂತೆಗೆ ಹೋಗುವವರು ದಡದಲ್ಲಿ ನಿಂತು ನೋಡಿ, "ಭಾವ, ಕಟ್ಟ ಎಲ್ಲಿಂದ ಎಲ್ಲಿಗೆ?" ಎಂದು ಕೇಳಿದರು. "ಇಲ್ಲಿಂದ ಇಲ್ಲಿಗೇ" ಎಂದೆ. ಸಾವಿರ ಜನ ನೋಡುತ್ತಿರುವಾಗ ಹೆಣ್ಣಾಗಿ ಅತ್ತವನಿಗೆ ಹತ್ತು ಜನ ನಕ್ಕರೆ ನಾಚಿಕೆಯೇ? ಬೆಳಗ್ಗೆ ಇಳಿಯುವುದು, ಬಿಸಿಲು ಏರುವವರೆಗೆ ಕಲ್ಲು ಹೊರುವುದು. ಮೊಣಕಾಲು ನೋಯುತ್ತದೆಂದು ಹೆದರಿದ್ದೆ. ತಣ್ಣೀರಿನಲ್ಲಿ ನಿಂತು ನಿಂತು ಅದು ನೋಯುವುದನ್ನೇ ಮರೆಯಿತು. ಸುಂದರಿ ಮೊದಲು ದೂರದಿಂದ ನೋಡಿದಳು. ಆಮೇಲೆ ಒಂದು ದಿನ ಗಂಜಿಯ ತಂಬಿಗೆ ತಂದು ಇಟ್ಟು, ತಾನೂ ಸೀರೆ ಎತ್ತಿ ಕಟ್ಟಿ ಇಳಿದು ಸಂದುಗಳಿಗೆ ಸೊಪ್ಪು, ಮಣ್ಣು ತುಂಬಿದಳು. ನಡುವಿನ ಭಾಗ ಎದೆಮಟ್ಟಕ್ಕೆ ಬಂತು. ಎರಡೂ ಕಡೆ ಬಾಗಿಲಷ್ಟು ಅಗಲದ ಸಂದು ಹಾಗೆಯೇ ಇತ್ತು.

ಅಷ್ಟರಲ್ಲಿ ಮೇಳದ ಮೆನೇಜರ್ ವಾಸು ಶೆಟ್ಟರು ಬಂದರು. ಬಸ್ಸಿಳಿದು ಬಿಸಿಲಿನಲ್ಲಿ ನಡೆದು, ಬೂಟಿನಲ್ಲಿ ಧೂಳು ತುಂಬಿಕೊಂಡು, ಮನೆಯಲ್ಲಿ ವಿಚಾರಿಸಿ ಸೀದಾ ತೋಡಿನ ಹತ್ತಿರವೇ ಬಂದರು. ಗೌಡರ ದಡದ ಮೇಲೆ ನಿಂತು ಸ್ವಲ್ಪ ಹೊತ್ತು ನನ್ನನ್ನು ಗುರುತಿಸಲಿಲ್ಲ.

"ಎಂಥದು ಮಾರಾಯ್ರೆ ಇದು, ನಿಮ್ಮ ವೇಷ?"

"ಮೇಲೆಯೇ ಕೂತ್ಕೊಳ್ಳಿ ಶೆಟ್ರೆ, ಜಾರ್ತದೆ."

ಅವರು ಕೂರಲಿಲ್ಲ. ನನ್ನ ಜಾಗಕ್ಕೆ ಬಂದ ಹೊಸ ವೇಷಧಾರಿಯ ಸ್ವರ ಕಟ್ಟಿದೆ, ವೈದ್ಯರು ಮಾತಾಡಲೇ ಬಾರದೆಂದಿದ್ದಾರೆ ಎಂದರು. ಬಂಟ್ವಾಳ ಪೇಟೆಯಲ್ಲಿ ಟೆಂಟು ಹಾಕಿ ಆಯಿತು. ಜನ ನನ್ನ ಹೆಸರು ಕೇಳುತ್ತಿದ್ದಾರೆ. "ಇಲ್ಲ ಅನ್ನಬೇಡಿ. ಪತ್ತನಾಜೆಯವರೆಗೆ ಬನ್ನಿ ಸಾಕು. ನಿಮ್ಮನ್ನು ಕಾರಿನಲ್ಲಿ ಕರ್ಕೊಂಡು ಹೋಗಿ ಕಾರಿನಲ್ಲಿ ಬಿಡ್ತೇವೆ."

ಬಂಟ್ವಾಳದ ಜನ ನನಗೆ ಬಹಳ ಪ್ರೀತಿಯವರು. ಅಲ್ಲಿ ನಾನು ರಂಗಸ್ಥಳಕ್ಕೆ ಕಾಲಿಡುವ ಮೊದಲೇ ಚಪ್ಪಾಳೆ ಬೀಳುತ್ತಿತ್ತು. ನೀರಿನಲ್ಲಿದ್ದ ನನ್ನ ಪಾದಗಳಿಗೆ ಚೆಂಡೆಯ ಪೆಟ್ಟು ಕೇಳಿದ ಹಾಗಾಯಿತು. ಬೆರಳು ತಾನಾಗಿಯೇ ತಾಳ ಹಿಡಿದದ್ದು ನನಗೆ ಗೊತ್ತಾಯಿತು. ಸುಂದರಿಯ ಕಡೆ ನೋಡಿದೆ. ಅವಳು ಮಣ್ಣಿನ ಬುಟ್ಟಿ ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು.

"ಹೋಗುವುದಾದ್ರೆ ಹೋಗಿ" ಎಂದಳು. ಕೋಪದಿಂದಲ್ಲ. ಮೊದಲಿನಿಂದಲೂ ಹೀಗೇ ಆಗುತ್ತದೆಂದು ಗೊತ್ತಿದ್ದವಳ ಹಾಗೆ.

ಆ ಸಮಾಧಾನ ನನ್ನನ್ನು ನಿಲ್ಲಿಸಿತು. ಅವಳು ತಡೆದಿದ್ದರೆ ಬಹುಶಃ ನಾನು ಹೋಗುತ್ತಿದ್ದೆ. "ಶೆಟ್ರೆ, ನನ್ನ ಕೈಯಲ್ಲಿ ಕೆಲಸ ಉಂಟು. ಇದನ್ನು ಅರ್ಧಕ್ಕೆ ಬಿಟ್ಟು ಬರ್ಲಿಕ್ಕೆ ಆಗುವುದಿಲ್ಲ" ಎಂದೆ.

"ಇದಾ ಕೆಲಸ?" ಅವರು ತೋಡಿನ ನಡುವಿನ ಕಲ್ಲಿನ ರಾಶಿಯನ್ನು ನೋಡಿ ಬಾಯಿ ತೆರೆದರು. "ಎರಡು ಬದಿಯಲ್ಲಿಯೂ ನೀರು ಹೋಗ್ತಾ ಉಂಟಲ್ಲ!"

"ಅದಕ್ಕೇ ಹೇಳಿದ್ದು, ಅರ್ಧ ಆಗಿದೆ ಅಂತ."

ಅವರು ಬೇಸರ ಮಾಡಿಕೊಂಡೇ ಹೋದರು. ಬಸ್ಸಿನವರೆಗೆ ಕಳಿಸಿ ಬಂದೆ. ಆ ದಿನ, ಮರುದಿನ ನನಗೆ ಊಟ ರುಚಿಸಲಿಲ್ಲ. ಮೇಳ ಬಿಟ್ಟ ದಿನ ಆಗದ ಸಂಕಟ ಆವಾಗ ಆಯಿತು. ಆದರೆ ಬೆಳಗ್ಗೆ ತೋಡಿಗೆ ಇಳಿಯುವುದನ್ನು ತಪ್ಪಿಸಲಿಲ್ಲ.

ನಮ್ಮ ಮಾತನ್ನೆಲ್ಲ ದಡದ ಮೇಲೆ ಬೇಲಿ ಕಟ್ಟುತ್ತಿದ್ದ ಗೌಡರು ಕೇಳಿದ್ದರು. ಬಂಟ್ವಾಳದ ಆಟ, ಕಾರು, ನನ್ನ ಉತ್ತರ ಎಲ್ಲ ಅವರ ಬಾಯಿಂದ ಊರಿಡೀ ಹೋಯಿತು. ಎರಡು ದಿನ ಬಿಟ್ಟು ಬೆಳಗ್ಗೆ ನಾನು ನೀರಿನಲ್ಲಿರುವಾಗ ಅವರು ಹೆಗಲ ಮೇಲೆ ಹಾರೆ ಇಟ್ಟುಕೊಂಡು ಬಂದರು.

"ಭಾವ, ನಿಮ್ಮನ್ನು ಬಂಟ್ವಾಳಕ್ಕೆ ಬಿಡದ ಕಟ್ಟ ಹೇಗುಂಟು ನೋಡುವ ಅಂತ ಬಂದೆ" ಎಂದರು. ಸುತ್ತು ಹಾಕಿ ನೋಡಿ, "ಮೇಲಿನ ಸಾಲು ಹೊರಗೆ ವಾಲಿದೆ. ಒಂದು ನೆರೆ ಸಾಕು ಇದಕ್ಕೆ" ಎಂದು ನಾಲ್ಕು ಕಲ್ಲು ಕಿತ್ತು ಮತ್ತೆ ಕೂರಿಸಿದರು. ಕೂರಿಸುತ್ತ ಕೂರಿಸುತ್ತ ತನ್ನ ದಡದ ಕಡೆಗೆ ಸರಿದರು. ಸಂಜೆಯ ಹೊತ್ತಿಗೆ ಅವರ ಮನೆಯವರೂ ಇಳಿದರು. ನಾಲ್ಕು ದಿನದಲ್ಲಿ ಪಡು ಬದಿಯ ಸಂದು ಮುಚ್ಚಿತು.

ಆಗ ನಡೆದದ್ದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಡೀ ತೋಡು ಉಳಿದ ಒಂದೇ ಸಂದಿನಿಂದ ನುಗ್ಗತೊಡಗಿತು. ನುಗ್ಗಿದ ನೀರು ಧರಣಪ್ಪಣ್ಣನ ದಡವನ್ನು ಕೊರೆಯಿತು. ಬೆಳಗ್ಗೆ ಅವರು ಬಂದು ನೋಡುವಾಗ ದಡದ ಒಂದು ಪಾಲು ಕುಸಿದು, ಅಂಚಿನ ತೆಂಗಿನ ಸಸಿಯ ಬೇರು ಕಾಣುತ್ತಿತ್ತು. ಅವರು ಮೇಲೆ ನಿಂತು ನನ್ನನ್ನೇ ನೋಡಿದರು, ಗೌಡರ ಕಡೆ ತಿರುಗಲೂ ಇಲ್ಲ.

"ಭಾವ, ಇದು ನ್ಯಾಯವಾ?"

"ಅಲ್ಲ ಧರಣಪ್ಪಣ್ಣ. ನೀವು ಹೇಳಿ, ಗೌಡರ ಬದಿಯದ್ದನ್ನು ನಾನು ಈಗಲೇ ಬಿಚ್ಚುತ್ತೇನೆ. ಅಲ್ಲದಿದ್ದರೆ ನಿಮ್ಮ ಬದಿಯದ್ದನ್ನು ಮುಚ್ಚು ಅಂತ ಹೇಳಿ, ಈಗಲೇ ಮುಚ್ಚುತ್ತೇನೆ. ದಡ ನಿಮ್ಮದು." ಅಷ್ಟೇ ಹೇಳಿ ಬಾಯಿ ಮುಚ್ಚಿದೆ. ಮಾತು ಎಲ್ಲಿಗೆ ನಿಲ್ಲಿಸಬೇಕೆಂದು ಅಷ್ಟರಲ್ಲಿ ಕಲಿತಿದ್ದೆ.

ಅವರು ಒಂದು ಕೋಲನ್ನು ನೀರಿಗೆ ಹಿಡಿದು ಎಳೆತ ನೋಡಿದರು. ಆಮೇಲೆ, "ಇಷ್ಟು ನೀರಿನ ಎಳೆತಕ್ಕೆ ಬರಿ ಕಲ್ಲು ನಿಲ್ಲುವುದಿಲ್ಲ. ಅಡ್ಡ ಮರ ಬೇಕು. ಮರ ಇತ್ತು ಒಂದು" ಎಂದರು. ಗೌಡರ ಮುಖವನ್ನು ಯಾರೂ ನೇರ ನೋಡಲಿಲ್ಲ, ಎಲ್ಲರ ಗಮನ ಮಾತ್ರ ಅವರ ಮೇಲೆಯೇ ಇತ್ತು.

ಗೌಡರು ಹಾರೆಯನ್ನು ನೆಲಕ್ಕೆ ಊರಿದರು. ಹೇಳಿದ್ದು ನನಗೆ, ಆದರೆ ಆಚೆ ದಡಕ್ಕೆ ಕೇಳುವಷ್ಟು ಗಟ್ಟಿಯಾಗಿ. "ಬಾಗಿಲು ಕಿತ್ತು ಕೊಡ್ಲಿಕ್ಕೆ ಆಗುವುದಿಲ್ಲ ಭಾವ, ಹೆಂಡತಿ ಮನೆಯಿಂದ ಹೊರಗೆ ಹಾಕಿಯಾಳು. ನನ್ನ ಕಾಡಿನಲ್ಲಿ ಒಂದು ಬೋಗಿಮರ ಬಿದ್ದದ್ದು ಉಂಟು. ನೀರಿನಲ್ಲಿ ಕೊಳೆಯುವ ಜಾತಿ ಅಲ್ಲ. ಆಗ್ತದಾ ಕೇಳಿ ಅವರನ್ನು."

ನಾನು ಕೇಳಬೇಕಾಗಲಿಲ್ಲ. ಆಚೆಯಿಂದ ಧರಣಪ್ಪಣ್ಣ, "ಎಷ್ಟು ಉದ್ದ ಉಂಟು?" ಎಂದರು.

"ನೋಡಿಕೊಂಡು ಬರುವ, ಬನ್ನಿ" ಎಂದರು ಗೌಡರು.

ಇಬ್ಬರೂ ಒಂದೇ ಕಾಡುದಾರಿಯಲ್ಲಿ, ನಡುವೆ ಹತ್ತು ಹೆಜ್ಜೆ ಬಿಟ್ಟುಕೊಂಡು ಹೋದರು. ಬರುವಾಗ ಮರದ ಹಿಂದೆ ಒಬ್ಬರು, ಮುಂದೆ ಒಬ್ಬರು ನಿಂತು, ಎತ್ತುವವರಿಗೆ ಒಟ್ಟಿಗೆ ಬೊಬ್ಬೆ ಹಾಕುತ್ತ ಬಂದರು. ಆ ಮಧ್ಯಾಹ್ನ ಕೊನೆಯ ಸಂದು ಮುಚ್ಚಲು ಊರಿನ ಎಲ್ಲ ಕೈಗಳೂ ಇದ್ದವು. ಚಾಪೆಯ ಹೆಂಗಸರು ಸಾಲಾಗಿ ನಿಂತು ಮಣ್ಣಿನ ಬುಟ್ಟಿ ದಾಟಿಸಿದರು. ನೀರು ನಿಂತಿತು, ಗೊಂದಲವಾದವರ ಹಾಗೆ ಅಲ್ಲೇ ಸುತ್ತಿತು, ಮೆಲ್ಲಗೆ ಹಿಂದಕ್ಕೆ ಏರತೊಡಗಿತು. ಸಂಜೆ ಕಾಲುವೆಯ ಬಾಯಿಗೆ ಮೊದಲ ನೀರು ಮುಟ್ಟಿದಾಗ ಧರಣಪ್ಪಣ್ಣ ಎರಡು ಕೈ ಜೋಡಿಸಿ ಊಟಕ್ಕೆ ಹೊತ್ತಾಯಿತೆಂದು ಓಡಿದರು.

ಮುಂದಿನ ದಿನಗಳು ನನಗೆ ಹೊಸ ಊರು ತೋರಿಸಿದವು. ಸುಗ್ಗಿ ಬೆಳೆ ಕೊಯ್ದಾಯಿತು. ಮಾವು ಹೂ ಬಿಟ್ಟಿತು. ಘಟ್ಟದ ಹುಲ್ಲು ಹಸುರಿನಿಂದ ಹಳದಿಗೆ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿತು. ಅಲ್ಲಿ ಇಲ್ಲಿ ಬೆಂಕಿಯ ಗೆರೆ ಹರಿದಾಡಿದ್ದನ್ನು ಅಂಗಳದಿಂದ ನೋಡಿದೆ. ಸುಡುಮಣ್ಣು ಹಾಕಲು ಕಲಿತೆ. ಮೊದಲನೆಯದನ್ನು ಪೂರ್ತಿ ಉರಿಸಿ ಬೂದಿ ಮಾಡಿ ಸುಂದರಿಯಿಂದ ಬೈಸಿಕೊಂಡೆ. ಹಲಸಿನ ಹಪ್ಪಳ ಒಣಗಲಿಟ್ಟಾಗ ಕಾಗೆ ಓಡಿಸುವ ಕೆಲಸ ನನ್ನದು. ಕೋಲು ಹಿಡಿದು ಕುಳಿತಲ್ಲಿಂದಲೇ ಹೆಂಗಸರಿಗೆ ಮೇಳದ ಕಥೆ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ನಾನು ಮಾತು ನಿಲ್ಲಿಸಿ ತೂಕಡಿಸಿದಾಗ ಅವರಲ್ಲಿ ಒಬ್ಬಳು, "ಪಾಪ, ಮಲಗಲಿ ಬಿಡಿ" ಎಂದಳಂತೆ; ಯಾರೂ ಎದ್ದು ಹೋಗಲಿಲ್ಲ.

ಮೇ ತಿಂಗಳಲ್ಲಿ ಲೀಲಾ ತವರಿಗೆ ಬಂದಳು, ಆರು ತಿಂಗಳ ಬಸುರಿ. ಬಂದವಳೇ ಅಭ್ಯಾಸದಿಂದ ಕೊಡ ತೆಗೆದುಕೊಂಡು ಮೇಲಿನ ಒರತೆಯ ದಾರಿ ಹಿಡಿದಳು.

"ಎಲ್ಲಿಗೆ?" ಎಂದು ಸುಂದರಿ ಕೂಗಿದಳು. "ಬಾವಿಗೆ ಇಳಿಸು."

ಲೀಲಾ ಅನುಮಾನದಿಂದಲೇ ಹಗ್ಗ ಬಿಟ್ಟಳು. ನೀರಿಗೆ ಬಿದ್ದ ಸದ್ದು ನಮಗೆ ಜಗಲಿಗೆ ಕೇಳಿಸಿತು. ಅವಳು ಬಗ್ಗಿ ನೋಡಿ, ತಿರುಗಿ ಅಮ್ಮನನ್ನು ನೋಡಿದಳು. ಸುಂದರಿ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು. 'ಇವರು' ಎಂಬ ಹಾಗೆ. ಬಂಟ್ವಾಳದಲ್ಲಿ ಬಿದ್ದ ಯಾವ ಚಪ್ಪಾಳೆಗೂ ನನ್ನ ಎದೆ ಹಾಗೆ ಉಬ್ಬಿದ್ದಿಲ್ಲ. ಪತ್ತನಾಜೆಯ ದಿನ ಬಂದದ್ದೂ ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಜೂನ್ ಹತ್ತಿರವಾಗುತ್ತ ಘಟ್ಟದ ತುದಿ ಮತ್ತೆ ಮೋಡದಲ್ಲಿ ಮುಚ್ಚಿತು. ಕಟ್ಟ ತೆಗೆಯುವ ಕಾಲ. ಮೊದಲ ನೆರೆಗೆ ಸಿಕ್ಕಿದರೆ ದಡ ಸಮೇತ ಕೊಚ್ಚಿಹೋಗುತ್ತದೆ, ಕಲ್ಲೆಲ್ಲ ಗದ್ದೆಗೆ ನುಗ್ಗುತ್ತದೆ. ಅದಕ್ಕೆ ನಾವೇ ಬಿಚ್ಚಬೇಕು. ಗೌಡರೂ ಧರಣಪ್ಪಣ್ಣನೂ ತಮ್ಮ ತಮ್ಮ ಬದಿಯನ್ನು ಬೆಳಗ್ಗೆಯೇ ಬಿಚ್ಚಿ ಆಗಿತ್ತು. ಬೋಗಿಮರವನ್ನು ಈ ಸಲ ಹಗ್ಗ ಕಟ್ಟಿ ಎರಡು ತೆಂಗಿನ ಮರಕ್ಕೆ ಬಿಗಿದಿದ್ದರು. ಹಗ್ಗ ಒಂದು ಅವರದು, ಒಂದು ಇವರದು. ನಡುವಿನ ಭಾಗ ಉಳಿದಿತ್ತು. ನಾನು ನೀರಿನಲ್ಲಿ ನಿಂತಿದ್ದೆ, ಕೈ ಹೋಗಲಿಲ್ಲ.

"ತೆಗೀರಿ ಭಾವ, ಮಳೆ ಬಂತು" ಎಂದು ಗೌಡರು ಕೂಗಿದರು.

"ಕಟ್ಟಿದವರೇ ತೆಗೀಬೇಕು. ಅದು ಅವರದ್ದು" ಎಂದರು ಧರಣಪ್ಪಣ್ಣ.

ಮೇಲಿನ ಕಲ್ಲು ಎತ್ತಿದೆ. ಸುಂದರಿ ದಡದಲ್ಲಿ ನಿಂತು ಕೈ ಚಾಚಿದಳು. ಒಂದೊಂದೇ ಕಲ್ಲು ನನ್ನ ಕೈಯಿಂದ ಅವಳ ಕೈಗೆ ಹೋಯಿತು. ಅವಳು ಅವನ್ನು ದಡದ ಮೇಲೆ, ನೆರೆ ಮುಟ್ಟದ ಎತ್ತರದಲ್ಲಿ ಗೋಡೆಯ ಹಾಗೆ ಅಂದವಾಗಿ ಪೇರಿಸುತ್ತ ಹೋದಳು. ಹನಿ ಬೀಳತೊಡಗಿತು. ಕೊನೆಗೆ ತಳದ ದೊಡ್ಡ ಕಲ್ಲು ಉಳಿಯಿತು. ಮೊದಲ ದಿನ ನಾನು ಒಬ್ಬನೇ ಎದೆಗೆ ಒತ್ತಿ ತಂದದ್ದು. ಅದನ್ನು ಇಬ್ಬರೂ ಸೇರಿ ಮೇಲೆ ತಂದೆವು. ನಾನು ಅದನ್ನು ರಾಶಿಯ ಬುಡಕ್ಕೆ ಸರಿಸಹೊರಟೆ.

"ಅಲ್ಲಿ ಬೇಡ" ಎಂದಳು ಸುಂದರಿ. "ಡಿಸೆಂಬರಿನಲ್ಲಿ ನಿಮಗೆ ಮೊದಲು ಬೇಕಾಗುವುದು ಇದೇ ಅಲ್ಲವಾ?"

ಎತ್ತಲು ಬರುವಷ್ಟು ಎತ್ತರದಲ್ಲಿ, ಎಲ್ಲ ಕಲ್ಲುಗಳ ಮೇಲೆ ಅದನ್ನು ಕೂರಿಸಿ, ಅಲುಗಾಡುತ್ತದೆಯೇ ಎಂದು ಎರಡು ಕೈಯಲ್ಲಿ ಒತ್ತಿ ನೋಡಿದಳು. ಆಮೇಲೆ ಸೆರಗು ತಲೆಗೆ ಎಳೆದುಕೊಂಡು, "ಬನ್ನಿ, ಮನೆಗೆ ಹೋಗುವ" ಎಂದಳು.